ಅತ್ತಿಗೆಯ ಹೆಸರಿಗೆ ಹೋದ ತೊಟ್ಟಿಲು

ತುಳಸಿಮಣಿ ಅತ್ತಿಗೆ ಯಾರ ಕ್ಯಾರವಾನಿಗೆ ಹತ್ತಿದರೂ ಮೊದಲು ನಡುಮಧ್ಯೆ ನಿಂತು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಮುಚ್ಚಿಕೊಂಡೇ ಬಲಗೈ ಚಾಚಿ, "ಲೋಟ" ಅನ್ನುತ್ತಿದ್ದರು. ಕೈಗೆ ಲೋಟ ತಗುಲಿದರೆ ಆ ಗಾಡಿ ಪಾಸು. ಲೋಟದ ಬದಲು ಪರದೆಯೋ, ಒಣಗಲು ಹಾಕಿದ ಟವೆಲ್ಲೋ ತಗುಲಿದರೆ ಕಣ್ಣು ತೆರೆದು, ಗಾಡಿಯ ಒಡೆಯನನ್ನು ತಲೆಯಿಂದ ಕಾಲಿನವರೆಗೆ ನೋಡಿ, "ಗಾಡಿ ಕಟ್ಟಿದೀಯ ತಂಬಿ, ಮನೆ ಕಟ್ಟಿಲ್ಲ" ಎಂದು ಇಳಿದು ಬರುತ್ತಿದ್ದರು. ಬೈಸಿಕೊಂಡವನು ಮುಂದಿನ ಸಲ ಸೇರುವಷ್ಟರಲ್ಲಿ ಒಳಗಿನದನ್ನೆಲ್ಲ ಕಿತ್ತು ಹೊಸದಾಗಿ ಜೋಡಿಸಿರುತ್ತಿದ್ದ. ನನ್ನ ಹೊಟ್ಟೆಯುರಿ ಶುರುವಾಗುವುದು ಇಲ್ಲಿಂದಲೇ. ತಮ್ಮದು ಅಂತ ಒಂದು ಗಾಡಿಯೂ ಇಲ್ಲದ ಹೆಂಗಸು, ನಮ್ಮೆಲ್ಲರ ಗಾಡಿಗಳನ್ನೂ ಆಳುತ್ತಿದ್ದರು.

ಅವರು ನನ್ನ ಯಜಮಾನರ ಅಕ್ಕ. ಹುಟ್ಟಿದ್ದು ಗಣಪತಿ ಅನ್ನುವ ಊರಿನಲ್ಲಿ, ಕೊಟ್ಟಿದ್ದು ಸೋಮನೂರಿಗೆ. ಮನೆಗೆ ಅಂಟಿಕೊಂಡ ಶೆಡ್ಡಿನಲ್ಲಿ ಪವರ್‌ಲೂಮ್ ಮಗ್ಗಗಳು. ಅವರ ಯಜಮಾನರು ತೀರಿಕೊಂಡ ಮೇಲೆ ಅಷ್ಟನ್ನೂ ನಡೆಸಿದವರು ಅವರೇ. ಹಗಲೆಲ್ಲ ಮಗ್ಗದ ಸದ್ದಿನ ಮೇಲೆ ಮಾತಾಡಿ ರೂಢಿಯಾಗಿ, ಅವರು ಹೇಳುವ ಗುಟ್ಟೂ ಬೀದಿಗೆ ಕೇಳುತ್ತಿತ್ತು. ಆಳು ಎತ್ತರ. ನಾನು ಅವರ ಭುಜಕ್ಕೆ ಬರುತ್ತಿದ್ದೆ, ಅದೂ ಹಿಮ್ಮಡಿ ಎತ್ತಿದರೆ. ಪದ್ಮಾ ಅಂತ ಹೆಸರಿದ್ದರೂ ನನ್ನನ್ನು "ಅಮ್ಮಣಿ" ಅನ್ನುತ್ತಿದ್ದರು. ನಮ್ಮ ಸೀಮೆಯಲ್ಲಿ ಅದು ಪ್ರೀತಿಯ ಮಾತು. ಅವರ ಬಾಯಲ್ಲಿ ಮಾತ್ರ, ನೀನು ಸ್ವಲ್ಪ ಸರಿ, ನಾನು ನೋಡ್ತೀನಿ ಅಂದ ಹಾಗೆ ಕೇಳುತ್ತಿತ್ತು.

ನಮ್ಮ ಕ್ಯಾರವಾನನ್ನು ಯಜಮಾನರು ಗಣಪತಿಯಲ್ಲಿ, ತಮ್ಮದೇ ನೀರಿನ ಪಂಪಿನ ವರ್ಕ್‌ಶಾಪಿನ ಹಿಂದೆ ಕಟ್ಟಿದರು. ಜೀಪಿನ ಹಿಂದೆ ತಗುಲಿಸಿ ಎಳೆದುಕೊಂಡು ಹೋಗುವ ಮನೆ ಅದು. ಹಾಸಿಗೆ, ಒಲೆ, ನೀರಿನ ಟ್ಯಾಂಕು ಎಲ್ಲ ಒಳಗೇ. ಕಲ್ಲುಹಾದಿಗೂ ಒಣಹಳ್ಳಕ್ಕೂ ಇಳಿಯಲಿ ಅಂತ ದೊಡ್ಡ ಚಕ್ರ ಹಾಕಿ ಎತ್ತರಕ್ಕೆ ನಿಲ್ಲಿಸಿದ್ದರು. ಇಂಥ ಗಾಡಿ ಇಟ್ಟುಕೊಂಡ ಕೆಲವು ಮನೆಯವರು ಮಳೆ ನಿಂತ ಮೇಲೆ ತೊಂಡಾಮುತ್ತೂರಿನಲ್ಲಿ, ಬೆಟ್ಟದ ಬುಡದ ಒಂದು ತೆಂಗಿನ ತೋಟದಲ್ಲಿ ಸೇರುತ್ತೇವೆ. ತೋಟ ನಮ್ಮಲ್ಲೇ ಒಬ್ಬರಾದ ಪಳನಿಸಾಮಿಯವರದು. ಅಲ್ಲಿಗೆ ಬಂದು ಬೆಟ್ಟ ನೋಡುವವರು ಕಡಿಮೆ. ಗಂಡಸರು ಒಂದು ಗಾಡಿಯ ಅಡಿಯಿಂದ ಇನ್ನೊಂದರ ಅಡಿಗೆ ತೆವಳುತ್ತ, ಇದಕ್ಕೆ ಇನ್ನೇನು ಮಾಡಿದರೆ ಚೆಂದ ಅಂತ ಮಾತಾಡುವುದೇ ಹಬ್ಬ. ಒಬ್ಬರಿಗೆ ನೀರಿನ ಟ್ಯಾಂಕು ಚಕ್ರದ ನೇರಕ್ಕೆ ಬರಬೇಕು. ಇನ್ನೊಬ್ಬರಿಗೆ ಧೂಳು ನುಗ್ಗದ ಹಾಗೆ ಬಾಗಿಲ ಸಂದಿಗೆ ದಪ್ಪ ರಬ್ಬರು ಬೇಕು. ಮತ್ತೊಬ್ಬರಿಗೆ ಸೂರಿನ ಮೇಲೆ ಇನ್ನೊಂದು ಸೋಲಾರ್ ಪ್ಯಾನೆಲ್. ಹೋದ ಸಲ ಹೇಳಿದ್ದನ್ನು ಮಾಡದವನೂ ಈ ಸಲ ಹೊಸದೊಂದನ್ನು ಹೇಳುತ್ತಾನೆ.

ನನಗೆ ಬೇಕಾಗಿದ್ದು ಒಂದು ಕಿಟಕಿ. ಒಲೆಯ ಎದುರಿಗೆ. ಗಾಡಿ ಕಟ್ಟುವಾಗಿನಿಂದಲೂ ಕೇಳುತ್ತಿದ್ದೆ. "ಅಲ್ಲಿ ಕೊರೆದರೆ ಗೋಡೆಯ ಬಲ ಹೋಗುತ್ತೆ, ಕಲ್ಲುಹಾದಿಯಲ್ಲಿ ಬಿರುಕು ಬಿಡುತ್ತೆ" ಅಂತ ಯಜಮಾನರು. ಸರಿ, ಗೋಡೆ ನೋಡಿಕೊಂಡೇ ದೋಸೆ ಹುಯ್ದೆ. ಒಂದು ದಿನ ಅತ್ತಿಗೆ ಬಂದು ಒಲೆಯ ಮುಂದೆ ನಿಂತರು.

"ಏನ್ ತಂಬಿ, ಜೈಲಾ ಇದು? ಅಡುಗೆ ಮಾಡೋಳು ಗೋಡೆ ನೋಡ್ತಾ ನಿಂತ್ಕೋಬೇಕಾ?"

"ಕಿಟಕಿ ಇಡೋಣ ಅಂತಾನೇ ಇದ್ದೆ ಅಕ್ಕ."

ಇದ್ದರಂತೆ! ಆ ಭಾನುವಾರವೇ ಗೋಡೆ ಕೊರೆದರು. ಬಲ ಎಲ್ಲಿಗೂ ಹೋಗಲಿಲ್ಲ. ಅಳತೆಗೆ ಅಂತ ಅಕ್ಕನನ್ನೇ ನಿಲ್ಲಿಸಿಕೊಂಡಿದ್ದರಿಂದ ಕಿಟಕಿ ಅವರ ಕಣ್ಣಿನ ಮಟ್ಟಕ್ಕೆ ಬಂತು. ಅದರಲ್ಲಿ ಅವರಿಗೆ ಬೆಟ್ಟ, ತೋಟ, ಹೋಗಿ ಬರುವವರು ಎಲ್ಲ ಕಾಣುತ್ತಿತ್ತು. ನನಗೆ ಮೋಡ ಕಾಣುತ್ತಿತ್ತು.

"ಈಗ ಹೇಗಿದೆ ಅಮ್ಮಣಿ?" ಅಂದರು.

"ಮಳೆ ಬರುತ್ತೋ ಇಲ್ವೋ ಅಂತ ಹೇಳಬಹುದು ಅತ್ತಿಗೆ" ಅಂದೆ. ಹೊಗಳಿಕೆ ಅಂತಲೇ ತಿಳಿದರು.

ಕೆಟ್ಟವರಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ನನಗೆ ಆಪರೇಷನ್ ಆದಾಗ ಮಗ್ಗಗಳನ್ನು ನಿಲ್ಲಿಸಿ ಬಂದು, ಹಾಸಿಗೆಯ ಪಕ್ಕ ಕೂತು ತಲೆ ಬಾಚಿದವರು ಅವರು. ಬಾಚುತ್ತ ಬಾಚುತ್ತ, "ಬೈತಲೆ ಇಷ್ಟು ದಿನ ತಪ್ಪು ಜಾಗದಲ್ಲಿ ತೆಗೀತಿದ್ದೆ ಅಮ್ಮಣಿ" ಅಂತ ಅದನ್ನೂ ಬದಲಾಯಿಸಿದರು. ನೋಡಲು ಬಂದವರೆಲ್ಲ, ಕಾಯಿಲೆ ಬಿದ್ದರೂ ಮುಖಕ್ಕೆ ಕಳೆ ಬಂದಿದೆ ಅಂದರು. ಇವತ್ತಿಗೂ ನಾನು ಬೈತಲೆ ಅಲ್ಲೇ ತೆಗೆಯುವುದು.

ನನ್ನ ತವರು ತಿರುಪ್ಪೂರು. ಅಪ್ಪ ಬನಿಯನ್ ಹೊಲಿಸುತ್ತಿದ್ದರು. ಬನಿಯನ್ ಬಟ್ಟೆಯ ತುಂಡುಗಳ ರಾಶಿಯ ಮೇಲೆ ಹೊರಳಾಡಿ ಬೆಳೆದವಳು ನಾನು. ಸೋಮನೂರಿನ ಮಗ್ಗದ ಬಟ್ಟೆಯವರಿಗೂ ತಿರುಪ್ಪೂರಿನ ಬನಿಯನ್ ಬಟ್ಟೆಯವರಿಗೂ ಒಳಗೊಳಗೇ ಒಂದು ಮೇಲಾಟ ಇದ್ದೇ ಇದೆ, ಸಂಬಂಧ ಬೆಳೆಸಿದ ಮನೆಗಳಲ್ಲಿ ಇನ್ನೂ ಜಾಸ್ತಿ. ನಮ್ಮ ಗಾಡಿಯ ಮರದ ಕಪಾಟುಗಳು ಕಲ್ಲುಹಾದಿಯಲ್ಲಿ ಬಾಯಿಬಿಟ್ಟು ಪಾತ್ರೆ ಉಗುಳುತ್ತಿದ್ದವು. ಕಪಾಟೇ ಬೇಡ, ಗೋಡೆಗೆ ಸಾಲಾಗಿ ಬಟ್ಟೆಯ ಚೀಲ ಬಡಿಯೋಣ ಅಂತ ನನಗೆ ಹೊಳೆಯಿತು. ಬಟ್ಟೆ? ಇನ್ಯಾವುದು, ತವರಿನದೇ. ಅಚ್ಚುಕಟ್ಟಾಗಿ ಹೊಲಿದು ತಟ್ಟೆ, ಲೋಟ, ಸೌಟು ತುಂಬಿಸಿದೆ. ತೋಟದ ಹಾದಿ ಮುಗಿಯುವ ಹೊತ್ತಿಗೆ ಚೀಲಗಳೆಲ್ಲ ಜಗ್ಗಿ ಜಗ್ಗಿ ನೆಲ ಮುಟ್ಟಿದ್ದವು. ಅತ್ತಿಗೆ ಬಾಗಿಲು ತೆಗೆದವರು ನಕ್ಕರು ನೋಡಿ, ತೆಂಗಿನ ಮರದ ಕಾಗೆಗಳೆಲ್ಲ ಎದ್ದು ಹಾರಿದವು.

"ಅಮ್ಮಣಿ, ಬನಿಯನ್ ಬಟ್ಟೆ ಗಂಡಸರ ಹೊಟ್ಟೆಗೆ. ದಿನಾ ಚೂರು ಚೂರು ಬೆಳೆಯುತ್ತಲ್ಲ, ಅದಕ್ಕೆ ಸರಿ. ಪಾತ್ರೆಗೆ ನಮ್ಮ ಕೋರಾ ಬಟ್ಟೆ ಬೇಕು. ಒಂದು ನೂಲು ಜಗ್ಗಲ್ಲ."

ಸೋಮನೂರಿನಿಂದ ಚೀಲಗಳು ಬಂದವು, ಅವರೇ ಕೂತು ಹೊಲಿದದ್ದು. ಇವತ್ತಿಗೂ ಒಂದು ನೂಲು ಜಗ್ಗಿಲ್ಲ. ಇದನ್ನು ಹೇಳುವಾಗ ನನಗೆ ಹಲ್ಲು ಕಡಿಯಬೇಕು ಅನ್ನಿಸುತ್ತದೆ.

ಇನ್ನು ಹಿಟ್ಟಿನ ವಿಷಯ. ನಮ್ಮ ಕಡೆಯವರು ಎಲ್ಲಿಗೆ ಹೊರಟರೂ ದೋಸೆ ಹಿಟ್ಟು ಜೊತೆಗೆ ಬರಲೇಬೇಕು. ಹುದುಗಿದ ಹಿಟ್ಟನ್ನು ಕಲ್ಲುಹಾದಿಯಲ್ಲಿ ಒಯ್ದವರಿಗೇ ಗೊತ್ತು ಆ ಪಾಡು. ಮುಚ್ಚಳ ಬಿಗಿದರೆ ಉಬ್ಬಿ ಸಿಡಿಯುತ್ತದೆ, ಸಡಿಲ ಬಿಟ್ಟರೆ ಕುಲುಕಿ ಹರಿಯುತ್ತದೆ. ಎಲ್ಲರ ಗಾಡಿಯಲ್ಲೂ ಇದೇ ಗೋಳು. ಆದರೂ ಗಂಡಸರ ಮಾತಿನಲ್ಲಿ ಟ್ಯಾಂಕು ಬರುತ್ತಿತ್ತು, ರಬ್ಬರು ಬರುತ್ತಿತ್ತು, ಹಿಟ್ಟು ಮಾತ್ರ ಬರುತ್ತಿರಲಿಲ್ಲ. ಒರೆಸುವವರು ಅವರಲ್ಲವಲ್ಲ.

ಜಗ್ಗಿಹೋದ ನನ್ನ ಚೀಲಗಳನ್ನು ಒಂದು ಮಧ್ಯಾಹ್ನ ಒಗೆದು ಮಡಿಸುತ್ತಿದ್ದೆ. ಎಳೆದರೆ ಬರುತ್ತದೆ, ಬಿಟ್ಟರೆ ಹೋಗುತ್ತದೆ. ಕೈಯಲ್ಲಿ ಅದು ಆಡುತ್ತಿದ್ದ ಹಾಗೇ ಅನ್ನಿಸಿತು: ಮಗುವಿನ ಜೋಲಿಯ ಹಾಗೆ ಇದನ್ನು ಸೂರಿನ ಕೊಕ್ಕೆಗೆ ಇಳಿಬಿಟ್ಟು, ಒಳಗೆ ಹಿಟ್ಟಿನ ಪಾತ್ರೆ ಕೂರಿಸಿದರೆ? ಗಾಡಿ ಎಗರಿದಾಗ ಬಟ್ಟೆ ಜಗ್ಗಿ ಪೆಟ್ಟನ್ನು ತಾನು ನುಂಗುತ್ತದೆ, ಪಾತ್ರೆ ಸುಮ್ಮನೆ ತೂಗುತ್ತದೆ. ಪಕ್ಕಕ್ಕೆ ಬಡಿಯದಿರಲಿ ಅಂತ ಅಡಿಯಿಂದಲೂ ಒಂದು ಪಟ್ಟಿ ಕಟ್ಟುವ ಹಾಗೆ ಮಾಡಿದೆ. ಯಾರಿಗೂ ಹೇಳದೆ ಹೊಲಿದೆ. ಹೊರಡುವ ದಿನ ಕಟ್ಟುತ್ತಿದ್ದಾಗ ಅತ್ತಿಗೆ ಹತ್ತಿ ಬಂದರು. ಒಂದು ಗಳಿಗೆ ನೋಡಿದರು. ನಗಲಿಲ್ಲ. "ಗಂಟು ಇನ್ನೊಂದು ಗೇಣು ಮೇಲೆ ಹಾಕು" ಎಂದು ಅವರೇ ಕೈ ಹಾಕಿ ಬಿಗಿದರು. ಅದೇ ಹೊತ್ತಿಗೆ ಯಜಮಾನರು ತಲೆ ಒಳಗೆ ತೂರಿಸಿ, ಅಕ್ಕನ ಕೈ ಗಂಟಿನ ಮೇಲಿದ್ದದ್ದನ್ನು ನೋಡಿ ಹೋದರು.

ತೋಟ ತಲುಪಿ ಮುಚ್ಚಳ ತೆಗೆದರೆ ಹಿಟ್ಟು ಉಬ್ಬಿ ಗುಮ್ಮಟದ ಹಾಗೆ ಕೂತಿತ್ತು. ಒಂದು ತೊಟ್ಟು ಹೊರಗೆ ಬಂದಿರಲಿಲ್ಲ. ಬೇರೆ ಗಾಡಿಯ ಹೆಂಗಸರೆಲ್ಲ ಬಂದು ಇಣುಕಿ ನೋಡಿದರು. ಅವತ್ತಿನ ತಿಂಡಿ ಇಡೀ ತೋಟಕ್ಕೆ ನಮ್ಮ ಗಾಡಿಯಿಂದಲೇ. ಪಳನಿಸಾಮಿಯವರು ತಟ್ಟೆ ಹಿಡಿದುಕೊಂಡು ಬಂದು, ತೂಗುತ್ತಿದ್ದ ಜೋಲಿ ನೋಡಿ, "ಭಲೇ! ಇದು ಯಾರ ಯೋಚನೆ?" ಅಂದರು.

ನಾನು ದೋಸೆ ಮಗುಚುತ್ತಿದ್ದೆ. ಸೆರಗಿಗೆ ಕೈ ಒರೆಸಿಕೊಂಡು ಬಾಯಿ ತೆಗೆದೆ.

"ಇನ್ಯಾರದು, ನಮ್ಮಕ್ಕಂದು!" ಅಂದರು ಯಜಮಾನರು.

ನಾನು ಅತ್ತಿಗೆಯ ಕಡೆ ನೋಡಿದೆ. ಅವರ ಕೈಯಲ್ಲಿ ದೋಸೆಯ ಚೂರಿತ್ತು. ಅವರೂ ನನ್ನನ್ನು ನೋಡಿದರು, ನೆಟ್ಟಗೆ. ಆಮೇಲೆ ಚೂರನ್ನು ಬಾಯಿಗಿಟ್ಟು, ನುಂಗಿ, "ಇದೇನ್ ದೊಡ್ಡ ವಿಷಯ ಬಿಡ್ರಪ್ಪ" ಅಂದರು. ಕಾವಲಿಯ ಮೇಲೆ ನನ್ನ ದೋಸೆ ಸೀದುಹೋಯಿತು.

ಅಂದಿನಿಂದ ಅದಕ್ಕೆ "ಅಕ್ಕಾ ತೊಟ್ಟಿಲು" ಅಂತಲೇ ಹೆಸರಾಯಿತು. ಎಲ್ಲರಿಗೂ ಒಂದೊಂದು ಬೇಕು. ಹೊಲಿಸಿಕೊಳ್ಳಲು ಬರುವುದು ಯಾರ ಹತ್ತಿರ? ನನ್ನ ಹತ್ತಿರ! "ಒಂದು ಅಕ್ಕಾ ತೊಟ್ಟಿಲು ಹೊಲಿದುಕೊಡಿ" ಅಂತ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಹೊಲಿದುಕೊಟ್ಟೆ. ಒಂದೊಂದು ಹೊಲಿಗೆಗೂ ಒಂದೊಂದು ಶಾಪ.

"ಅದು ನಂದು" ಅಂತ ಯಜಮಾನರಿಗೆ ಹೇಳದೆ ಇರಲಿಲ್ಲ.

"ಅಕ್ಕ ತಾನೆ ಕಟ್ಟುತ್ತಾ ಇದ್ದದ್ದು? ಹೋಗ್ಲಿ ಬಿಡು, ಯಾರದಾದ್ರೇನು, ಒಂದೇ ಮನೆ."

"ಒಂದೇ ಮನೆ ಆದ್ರೆ ನನ್ನ ಹೆಸರು ಹೇಳೋಕೆ ನಿಮ್ಮ ಬಾಯಿ ಯಾಕೆ ನೋಯುತ್ತೆ?"

ಅವರಿಗೆ ತಟ್ಟನೆ ಜೀಪಿನ ಟೈರಿನ ಗಾಳಿ ನೋಡುವ ನೆನಪಾಯಿತು.

ಅತ್ತಿಗೆ ಹಾಸಿಗೆ ಹಿಡಿದಾಗ ನಾವಿಬ್ಬರೂ ಸೋಮನೂರಿಗೆ ಹೋದೆವು. ಮಗ್ಗ ನಿಲ್ಲಿಸಕೂಡದು ಅಂತ ಅವರದೇ ಅಪ್ಪಣೆ. ಸದ್ದಿಲ್ಲದಿದ್ದರೆ ನಿದ್ದೆ ಬರುವುದಿಲ್ಲವಂತೆ. ಆ ದನಿ ಮಾತ್ರ ಸೊರಗಿತ್ತು. ಕೇಳಿಸಿಕೊಳ್ಳಲು ಅವರ ಬಾಯಿಯ ಹತ್ತಿರ ಕಿವಿ ಒಯ್ಯಬೇಕಾಯಿತು. ಯಜಮಾನರು ಎಳನೀರು ತರಲು ಹೊರಗೆ ಹೋದರು. ಇದೇ ಸಮಯ ಅಂದುಕೊಂಡೆ.

"ಅತ್ತಿಗೆ, ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಆ ಹಿಟ್ಟಿನ ತೊಟ್ಟಿಲು ಯಾರದು?"

"ಇದಕ್ಕಾ ಬಂದೆ? ನನ್ನ ನೋಡೋಕಲ್ವಾ?"

"ಎರಡಕ್ಕೂ."

ನಕ್ಕರು. ನಗು ಕೆಮ್ಮಾಗಿ, ಕೆಮ್ಮು ನಿಂತ ಮೇಲೆ ಹೇಳಿದರು: "ನಿಂದೇ ಅಮ್ಮಣಿ. ನಂಗೇನ್ ಗೊತ್ತಿಲ್ವಾ? ಬನಿಯನ್ ಬಟ್ಟೆ ನಾನು ಮುಟ್ತೀನಾ?"

"ಮತ್ತೆ ಅವತ್ತು ಯಾಕೆ ಸುಮ್ನಿದ್ರಿ?"

"ನೀನು ಬರೋಕೆ ಮುಂಚೆ ತಮ್ಮನಿಗೆ ಎಲ್ಲಾದಕ್ಕೂ ಅಕ್ಕ ಬೇಕಿತ್ತು. ಆಮೇಲೆ ಫೋನ್ ಮಾಡಿದ್ರೆ, ಪದ್ಮಾ ಹೀಗಂದ್ಲು, ಪದ್ಮಾ ಹಾಗಂದ್ಲು. ಪದ್ಮಾಗೆ ಕಿಟಕಿ ಬೇಕಂತೆ ಅಂತ ಎಷ್ಟು ಸಲ ಹೇಳಿದಾನೋ. ತಲೆ ಕೆಟ್ಟು, ನಾನೇ ಬಂದು ಇಡಿಸಿದೆ. ಅವತ್ತು ತೋಟದಲ್ಲಿ, ಅಷ್ಟು ಜನರ ಮುಂದೆ, ಬಾಯಿ ತುಂಬ 'ನಮ್ಮಕ್ಕ' ಅಂದ. ವಾಪಸ್ ಕೊಡೋಕೆ ಮನಸ್ಸು ಬರ್ಲಿಲ್ಲ."

ಇಷ್ಟು ವರ್ಷ ನಾನೊಬ್ಬಳೇ ಬೇಯುತ್ತಿದ್ದೇನೆ ಅಂದುಕೊಂಡಿದ್ದೆ. ನನ್ನನ್ನು ನೋಡಿ ಅವರೂ ಬೇಯುತ್ತಿದ್ದರು! ಒಂದು ಗಳಿಗೆ ನನಗೆ ಹಿಗ್ಗೇ ಆಯಿತು. ಆಮೇಲೆ ಅವರ ಕೈ ಹಿಡಿದುಕೊಂಡೆ.

"ಈಗ ಅವರು ಬರ್ತಾರೆ. ಒಂದು ಮಾತು ಹೇಳಿಬಿಡಿ ಅತ್ತಿಗೆ."

"ಊಹೂಂ" ಅಂದರು, ಕಣ್ಣು ಮುಚ್ಚಿಕೊಂಡು. "ಇದೊಂದು ನಂಗಿರಲಿ. ನಾನು ಹೋದ್ಮೇಲೆ ನೀನೇ ಹೇಳ್ಕೋ."

ಯಜಮಾನರು ಎಳನೀರು ತಂದರು. ಅತ್ತಿಗೆ ತಮ್ಮನ ಕೈಯಿಂದಲೇ ಕುಡಿದರು. ನಾವು ಹೊರಡುವಾಗ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ಅವರನ್ನು ನಾನು ಜೀವಂತ ಕಂಡದ್ದು ಅದೇ ಕೊನೆ.

ಆ ವರ್ಷ ಮಳೆ ನಿಂತ ಮೇಲೆ ಮತ್ತೆ ತೋಟದಲ್ಲಿ ಸೇರಿದೆವು. ಹೊಸದಾಗಿ ಗಾಡಿ ಕಟ್ಟಿಸಿದ ಒಬ್ಬ ಹುಡುಗಿ ಗಂಡನ ಜೊತೆ ಬಂದಿದ್ದಳು. ಎಲ್ಲರ ಗಾಡಿ ನೋಡುತ್ತ ನಮ್ಮದಕ್ಕೆ ಹತ್ತಿದವಳು ಜೋಲಿಯನ್ನು ಮುಟ್ಟಿ, "ಎಷ್ಟು ಚೆನ್ನಾಗಿದೆ! ಯಾರು ಕಂಡುಹಿಡಿದದ್ದು?" ಅಂದಳು. ಯಜಮಾನರು ಏನೋ ಹೇಳಹೋದವರು ತಲೆ ತಗ್ಗಿಸಿಕೊಂಡರು.

"ನಾನು" ಅಂದೆ.

ಪಳನಿಸಾಮಿಯವರ ಹೆಂಡತಿ ಬಂದು ನನ್ನ ಬೆನ್ನು ಸವರಿ, ಆ ಹುಡುಗಿಗೆ ಮೆಲ್ಲಗೆ ಹೇಳಿದರು: ಪಾಪ, ಅತ್ತಿಗೆ ಅಂದ್ರೆ ಇವರಿಗೆ ಪ್ರಾಣ, ಅವರು ಹೋದಾಗಿನಿಂದ ಹೀಗೇ ಏನೇನೋ ಅಂತಾರೆ.

"ಇಲ್ಲಮ್ಮ, ನಿಜವಾಗ್ಲೂ ನಂದೇ. ಅತ್ತಿಗೆ ಬಾಯಿಬಿಟ್ಟು ಒಪ್ಪಿಕೊಂಡ್ರು, ಸೋಮನೂರಲ್ಲಿ!"

"ಯಾವಾಗ?" ಅಂದರು ಯಜಮಾನರು.

"ನೀವು ಎಳನೀರು ತರೋಕೆ ಹೋದಾಗ."

ಅವರು ನನ್ನನ್ನು ಎಷ್ಟು ಮರುಕದಿಂದ ನೋಡಿದರೆಂದರೆ, ಮದುವೆಯಾದಾಗಿನಿಂದ ಹಾಗೆ ನೋಡಿದ್ದು ನನಗೆ ನೆನಪಿಲ್ಲ. "ಹೊಲಿದಿದ್ದು ಇವಳೇ" ಅಂತ ಹುಡುಗಿಗೆ ಹೇಳಿ, ಕಣ್ಣೊರೆಸಿಕೊಂಡು ಇಳಿದು ಹೋದರು. ಉಳಿದವರೂ ಮಗುವನ್ನು ಸಮಾಧಾನ ಮಾಡುವವರ ಹಾಗೆ 'ಹೌದು ಹೌದು' ಅಂತ ತಲೆಯಾಡಿಸಿದರು.

ನನ್ನನ್ನು ಬಿಟ್ಟರೆ ನಿಜ ಗೊತ್ತಿದ್ದವರು ಅತ್ತಿಗೆಯೊಬ್ಬರೇ. ಗೊತ್ತಿದ್ದೂ, ಅದನ್ನು ಜೊತೆಗೇ ಕಟ್ಟಿಕೊಂಡು ಹೋದರು.