ಒಂದನೇ ನಂಬರಿನ ಟವೆಲ್

ಮಹಾನ್ ವಿದ್ಯಾಸಂಸ್ಥೆಗಳ ಇತಿಹಾಸವೆಲ್ಲ ಒಬ್ಬ ದಾರ್ಶನಿಕನ ಕನಸಿನಿಂದ, ಒಂದು ಶುಭ ಮುಹೂರ್ತದಲ್ಲಿ ಆರಂಭವಾಗುತ್ತದೆ. ನಮ್ಮ ವಿಶ್ವವಿದ್ಯಾಲಯದ್ದು ಒಂದು ಟವೆಲ್ಲಿನಿಂದ ಆರಂಭವಾಯಿತು. ಅದರ ಮೇಲೆ ಒಂದು ಕಲ್ಲೂ ಇತ್ತು.

ತಮಾಷೆಗೆ ಹೇಳುತ್ತಿಲ್ಲ. ದಾಖಲೆಯಿದೆ. ಆ ದಾಖಲೆಯನ್ನು ಎರಡು ತಿಂಗಳ ಹಿಂದೆ ನಾಲ್ವರು ಪ್ರೊಫೆಸರರು, ಒಬ್ಬ ಉಪಕುಲಸಚಿವರು ಮತ್ತು ನಾನು ಸೇರಿ ಭೂತಗನ್ನಡಿ ಹಿಡಿದು ನೋಡಿದ್ದೇವೆ.

ಆ ಘನ ಮಂಡಳಿಯಲ್ಲಿ ನಾನು ಹೇಗೆ? ವಿಶ್ವವಿದ್ಯಾಲಯಕ್ಕೆ ಹದಿನೈದು ತುಂಬುತ್ತಿತ್ತು. ಉತ್ಸವ ಎಂದ ಮೇಲೆ ಸ್ಮರಣ ಸಂಚಿಕೆ ಬೇಕು, ಸಂಚಿಕೆ ಎಂದ ಮೇಲೆ ಇತಿಹಾಸ ಬೇಕು, ಇತಿಹಾಸಕ್ಕೊಂದು ಉಪಸಮಿತಿ ಬೇಕು. ನಾನು ಹಳೆಯ ವಿದ್ಯಾರ್ಥಿ, ಆಳಂದದ ಕಾಲೇಜಿನಲ್ಲಿ ಮೇಷ್ಟ್ರು, ಮೇಲಾಗಿ ವಾರಕ್ಕೊಮ್ಮೆ ಪತ್ರಿಕೆಯ ಈ ಜಾಗದಲ್ಲಿ ಏನಾದರೊಂದು ಗೀಚುವವನು. (ಇಂಥವನನ್ನು ಹೊರಗೆ ಬಿಡುವುದಕ್ಕಿಂತ ಒಳಗೆ ಕೂರಿಸಿಕೊಳ್ಳುವುದು ಕ್ಷೇಮ ಎಂದು ಯಾರೋ ಸಲಹೆ ಕೊಟ್ಟಿರಬೇಕು.)

ಸಮಿತಿಯ ಮುಂದಿದ್ದದ್ದು ಒಂದೇ ಪ್ರಶ್ನೆ. ವಿಶ್ವವಿದ್ಯಾಲಯದ ಪ್ರಪ್ರಥಮ ವಿದ್ಯಾರ್ಥಿ ಯಾರು? ಅವನಿಗೆ ಉತ್ಸವದಲ್ಲಿ ಶಾಲು, ಹಾರ. ಗೇಟಿನ ಬಳಿ ಹೊಸದಾಗಿ ಏಳಲಿರುವ ಕಮಾನಿನ ಮೇಲೆ ಹೆಸರು.

ಹಕ್ಕುದಾರರು ಮೂವರು. ಭೂಸನೂರಿನ ಶಿವಶರಣಪ್ಪ, ಕಬ್ಬಿನ ದೊಡ್ಡ ಬೆಳೆಗಾರ, ವೇದಿಕೆ ಎಲ್ಲಿದ್ದರೂ ಮುಂದಿನ ಸಾಲಿನ ಕುರ್ಚಿಯವನು. ಅಫಜಲಪುರದ ಮಲ್ಲಿನಾಥ, ವಕೀಲ. ಮೂರನೆಯವನು ಮಹಬೂಬ.

ಮಹಬೂಬ ಜೇವರ್ಗಿ ತಾಲ್ಲೂಕಿನ ಯಡ್ರಾಮಿಯವನು. ನನ್ನ ಜೊತೆ ಎಂ.ಎ. ಇತಿಹಾಸಕ್ಕೆ ಸೇರಿದ. ಒಂದು ಟರ್ಮ್ ಓದಿದ. ತಂದೆ ತೀರಿಕೊಂಡ ಮೇಲೆ ಓದು ಬಿಟ್ಟ, ಕ್ಯಾಂಪಸ್ ಬಿಡಲಿಲ್ಲ. ಗೇಟಿನ ಎಡಕ್ಕೆ ತಗಡಿನ ಶೆಡ್ ಹಾಕಿ ಚಹಾ, ಭಜಿ, ಚುರುಮುರಿ ಒಗ್ಗರಣೆಯ ಸೂಸಲಾ ಮಾಡತೊಡಗಿದ. ಆ ತಗಡಿನ ಕೆಳಗೆ ಕೂರದೆ ಡಾಕ್ಟರೇಟ್ ಪಡೆದವರು ನನಗೆ ಗೊತ್ತಿರುವಂತೆ ಯಾರೂ ಇಲ್ಲ. ಕೆಲವು ಮಹಾಪ್ರಬಂಧಗಳ ಮೇಲೆ ಅವನ ಭಜಿಯ ಎಣ್ಣೆ ಇಂದಿಗೂ ಗ್ರಂಥಾಲಯದಲ್ಲಿ ಭದ್ರವಾಗಿದೆ.

ಈಗ ಕಮಾನಿನ ಎಡಗಂಬ ಸರಿಯಾಗಿ ಅವನ ಶೆಡ್ಡಿನಲ್ಲೇ ಬರಬೇಕಿತ್ತು. ಹದಿನೈದು ದಿನದೊಳಗೆ ಜಾಗ ಖಾಲಿ ಮಾಡತಕ್ಕದ್ದು ಎಂದು ನೋಟಿಸು ಬಂದಿತ್ತು.

"ಶಾಲು ಬ್ಯಾಡ್ರಿ ನನಗ," ಎಂದ ಮಹಬೂಬ, ನನ್ನ ಮುಂದೆ ಚಹಾ ಇಡುತ್ತ. "ಹಾರಾನೂ ಬ್ಯಾಡ. ಮೊದಲನೇವ ನಾ ಅಂತ ಒಂದು ಕಾಗದಾ ಕೊಡಸ್ರಿ. ಅದನ್ನ ಈ ತಗಡಿಗಿ ಅಂಟಸ್ತೇನಿ. ಆಮ್ಯಾಲ ಯಾವ ಮಗ ಎಬ್ಬಸ್ತಾನ ನೋಡ್ತೇನಿ."

"ಪುರಾವೆ ಏನದ ಮಹಬೂಬ?"

"ನೀನೇ ಇದ್ದೆಲ್ಲೋ ಮಾರಾಯಾ! ನಿನ್ನ ಟಾವೆಲ್ ನನ್ನ ಹಿಂದೇ ಇತ್ತಲ್ಲ!"

(ಕೆಲಸ ಆಗಬೇಕಾದಾಗ 'ರಿ', ಸಿಟ್ಟು ಬಂದಾಗ 'ನೀ'. ಇದು ನಮ್ಮಿಬ್ಬರ ಹಳೆಯ ಒಪ್ಪಂದ.)

ಇಲ್ಲಿ ನಮ್ಮ ಸೀಮೆಯ ಒಂದು ಕಾನೂನನ್ನು ಪರಸ್ಥಳದ ಓದುಗರಿಗೆ ವಿವರಿಸಬೇಕು. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದರೆ ಆ ಸೀಟು ನಿಮ್ಮದು. ನೀವು ಎಲ್ಲಿದ್ದೀರಿ ಎಂಬುದು ಮುಖ್ಯವಲ್ಲ. ಹೋಟೆಲಿನಲ್ಲಿರಬಹುದು, ಬಾವಿಕಟ್ಟೆಯಲ್ಲಿರಬಹುದು. ಟವೆಲ್ ಇದ್ದರೆ ನೀವು ಇದ್ದೀರಿ. ಖಜೂರಿಯಿಂದ ಯಡ್ರಾಮಿಯವರೆಗೆ ಇನ್ನೊಬ್ಬರ ಟವೆಲ್ ಎತ್ತಿ ಒಗೆದವನನ್ನು ನಾನು ಕಂಡಿಲ್ಲ. ಇನ್ನೊಬ್ಬರ ಹೊಲದ ಬದು ಒತ್ತಿದವರನ್ನು ಬೇಕಾದಷ್ಟು ಕಂಡಿದ್ದೇನೆ.

ಹೀಗಿರುವಾಗ ಜಿಲ್ಲಾ ಕೇಂದ್ರದ ಹೊರಗೆ, ಕಪ್ಪು ನೆಲದ ಮೇಲೆ, ನಾಲ್ಕು ಕಲ್ಲಿನ ಕೋಣೆಗಳ ಒಂದು ವಿಶ್ವವಿದ್ಯಾಲಯ ಶುರುವಾಯಿತು. ಅಲ್ಲಿಯವರೆಗೆ ಎಂ.ಎ. ಎಂದರೆ ನಮಗೆ ಧಾರವಾಡ. ಧಾರವಾಡ ಎಂದರೆ ಒಂದು ಟ್ರಂಕು, ಒಂದು ಗಂಟು ರೊಟ್ಟಿ, ತಾಯಿಯ ಅಳು. ಈಗ ಅಳದೆಯೇ ಎಂ.ಎ. ಮಾಡಬಹುದಾಗಿತ್ತು. ಅರ್ಜಿ ಕೊಡುವ ದಿನ ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕಿನ ಮೊದಲ ಬಸ್ಸುಗಳು ನಮ್ಮನ್ನು ತಂದು ಸುರಿದವು. ಕಿಟಕಿ ತೆರೆಯುವುದು ಹನ್ನೊಂದಕ್ಕೆ. ಬಿಸಿಲು ತೆರೆದದ್ದು ಎಂಟಕ್ಕೇ. ಇಡೀ ಬಯಲಿಗೆ ಇದ್ದದ್ದು ಒಂದು ಬೇವಿನ ಮರ.

ಸಾಲಿನಲ್ಲಿ ಯಾರು ನಿಲ್ಲುತ್ತಾರೆ? ಟವೆಲ್ ನಿಂತವು. ಒಂದರ ಹಿಂದೊಂದು, ಗಾಳಿಗೆ ಹಾರದಂತೆ ಒಂದೊಂದರ ಮೇಲೆ ಒಂದೊಂದು ಕಲ್ಲು. ಮಾಲೀಕರೆಲ್ಲ ಬೇವಿನ ಕೆಳಗೆ ಅಡ್ಡಾದೆವು.

ಹನ್ನೊಂದಕ್ಕೆ ಗುಮಾಸ್ತ ಗುರುಪಾದಪ್ಪ ಕಿಟಕಿ ತೆರೆದ. ಎದುರಿಗೆ ಅಷ್ಟುದ್ದ ಸಾಲು. ಒಬ್ಬ ಮನುಷ್ಯನೂ ಇಲ್ಲ. ಬೇರೆ ಕಡೆಯ ಗುಮಾಸ್ತನಾಗಿದ್ದರೆ ಕಿಟಕಿ ಮುಚ್ಚುತ್ತಿದ್ದ. ಇವನು ನಮ್ಮವನು. ಹೊರಗೆ ಬಂದ, ಪ್ರತಿ ಕಲ್ಲಿನ ಕೆಳಗೂ ನಂಬರಿನ ಚೀಟಿ ಇಟ್ಟ, ಒಳಗೆ ಹೋಗಿ ರಿಜಿಸ್ಟರಿನಲ್ಲಿ ಗುರುತು ಬರೆದುಕೊಂಡ: ಒಂದು, ಕೆಂಪು ಚೌಕಡಿ, ಅಂಚು ಸುಟ್ಟದ್ದು. ಎರಡು, ಬಿಳಿ, ಹಳದಿ ಪಟ್ಟಿ.

ಆ ಬಿಳಿ, ಹಳದಿ ಪಟ್ಟಿಯವನು ನಾನು.

ಮುಂದೆ ಕ್ಯಾಂಪಸ್ಸಿನ ಬದುಕೆಲ್ಲ ಅದೇ ಕಾನೂನಿನ ಮೇಲೆ ನಡೆಯಿತು. ಗ್ರಂಥಾಲಯದ ಕುರ್ಚಿಗೆ ಟವೆಲ್. ಮೆಸ್ಸಿನ ತಟ್ಟೆಗೆ ಟವೆಲ್. ಮೈಸೂರು ಕಡೆಯಿಂದ ಬಂದ ಒಬ್ಬ ಪ್ರಾಧ್ಯಾಪಕರು ತಮ್ಮ ಕುರ್ಚಿಯ ಮೇಲೆ ಟವೆಲ್ ಬಿದ್ದದ್ದು ನೋಡಿ, ಅದನ್ನೇಕೆ ಎತ್ತಬಾರದೆಂದು ತಿಳಿಯದೆ ಎತ್ತಿಟ್ಟು ಕೂತುಬಿಟ್ಟರು. ವಿದ್ಯಾರ್ಥಿಗಳು ಎರಡು ದಿನ ಕ್ಲಾಸಿಗೆ ಹೋಗಲಿಲ್ಲ. ಮೂರನೆಯ ದಿನ ಅವರೂ ಹೆಗಲಿಗೊಂದು ಟವೆಲ್ ಹಾಕಿಕೊಂಡು ಬಂದರು. ಅವರು ನಮ್ಮವರಾದದ್ದು ಅಂದಿನಿಂದ.

ಇರಲಿ, ಸಮಿತಿಗೆ ಬರೋಣ. ಹೆಸರು ಬರೆದ ಪುಸ್ತಕ ಬೇರೆ ಇತ್ತು. ಅದನ್ನು ಗೆದ್ದಲು ಓದಿ ಮುಗಿಸಿದ್ದವು. ಉಳಿದದ್ದು ಗುರುಪಾದಪ್ಪನ ಗುರುತಿನ ರಿಜಿಸ್ಟರ್ ಮಾತ್ರ. ಗುರುಪಾದಪ್ಪನೂ ಈಗ ಇಲ್ಲ. ಉಪಕುಲಸಚಿವರು ಕನ್ನಡಕ ಒರೆಸಿ, ಗಂಭೀರವಾಗಿ ಮಿನಿಟ್ಸ್ ಬರೆಸಿದರು: "ಮುಂದಿನ ಸಭೆಗೆ ಹಕ್ಕುದಾರರು ತಮ್ಮ ತಮ್ಮ ಟವೆಲ್ ಸಮೇತ ಹಾಜರಾಗತಕ್ಕದ್ದು."

ಹಾಜರಾದರು. ಶಿವಶರಣಪ್ಪನ ಟವೆಲ್ ಕೆಂಪು ಚೌಕಡಿಯದೇ. ಅಂಚು ಸುಟ್ಟದ್ದೂ ಹೌದು. ಅಂಗಡಿಯ ಚೀಟಿ ಕಿತ್ತಿರಲಿಲ್ಲ. ಮಲ್ಲಿನಾಥ ವಕೀಲರು ಟವೆಲ್ಲಿನ ಜೊತೆ ಅಫಿಡವಿಟ್ಟನ್ನೂ ತಂದಿದ್ದರು. ಅವರದು ಎರಡು ಕಡೆ ಸುಟ್ಟಿತ್ತು. (ಒಂದು ಸಾಲದೇ ಹೋದರೆ ಇರಲಿ ಎಂದು.)

ರಸಾಯನಶಾಸ್ತ್ರದ ಪ್ರೊಫೆಸರರು ಮೂಸಿ ನೋಡಿ ಹೇಳಿದರು: "ವಕೀಲಸಾಬ್, ಇದು ನಿನ್ನೆ ಸುಟ್ಟಿದ್ದದ."

"ಇರಬಹುದು. ಯಾವಾಗ ಸುಟ್ಟದ್ದು ಅಂತ ರಿಜಿಸ್ಟರಿನ್ಯಾಗ ಎಲ್ಲಿ ಬರದದ ತೋರಸ್ರಿ?"

ಪ್ರೊಫೆಸರರು ಟವೆಲ್ ಮಡಚಿ ವಾಪಸು ಕೊಟ್ಟರು. ರಸಾಯನಶಾಸ್ತ್ರ ಕಾನೂನಿನ ಮುಂದೆ ಎಷ್ಟು ಹೊತ್ತು ನಿಂತೀತು?

ಮಹಬೂಬ ಬರಿಗೈಯಲ್ಲಿ ಬಂದಿದ್ದ. ಬರಿಗೈ ಅನ್ನಲಾಗದು; ಸಭೆಗೆ ಚಹಾ ಅವನ ಕ್ಯಾಂಟೀನಿನದೇ, ಕೈಯಲ್ಲಿ ಕಿಟ್ಲಿ ಇತ್ತು.

"ನಿನ್ನ ಟವೆಲ್ ಎಲ್ಲಪ್ಪಾ?" ಎಂದರು ಉಪಕುಲಸಚಿವರು.

"ಹದಿನೈದು ವರ್ಸ ಯಾವ ಟಾವೆಲ್ ಇರ್ತದ್ರಿ ಸಾಬ್? ಕಿಟ್ಲಿ ಹಿಡದು ಹಿಡದು ಮಸಿಅರಬಿ ಆತು. ಆಮ್ಯಾಲ ಅದೂ ಹರದು ಹೋತು."

"ಅಂಚು ಹೇಗೆ ಸುಟ್ಟಿತ್ತು?"

"ಊರು ಬಿಡೋ ದಿನ ಅಮ್ಮಾ ಒಲಿ ಮ್ಯಾಲಿಂದು ಬೋಗುಣಿ ಇಳಸಂದ್ಳು. ಟಾವೆಲ್ಲಿಲೇ ಹಿಡದು ಇಳಸ್ದೆ. ಬೆಂಕಿ ತಾಗ್ತು. 'ಓದಾಕ ಹೊಂಟೀ, ಸುಟ್ಟ ಅರಬಿ ಒಯ್ಯಬ್ಯಾಡ ಬೇಟಾ' ಅಂದ್ಳು. ಬ್ಯಾರೇದು ಇದ್ದಿಲ್ರಿ."

ನಾನು ಎದ್ದು ನಿಂತು ಸಾಕ್ಷಿ ಹೇಳಿದೆ. ಒಂದನೆಯದು ಇವನದೇ, ಎರಡನೆಯದು ನನ್ನದು.

"ನೀವು ಅವನ ಕ್ಯಾಂಟೀನಿನಲ್ಲಿ ಚಹಾ ಕುಡಿಯುವವರು. ನಿಮ್ಮ ಸಾಕ್ಷ್ಯ ನಡೆಯುವುದಿಲ್ಲ," ಎಂದರು ಸಮಿತಿಯ ಅಧ್ಯಕ್ಷರಾದ ಹಿರಿಯ ಪ್ರೊಫೆಸರರು, ಅವನ ಚಹಾ ಒಂದು ಗುಟುಕು ಕುಡಿದು.

"ಅದಲ್ಲದೆ ಅವ ಡಿಗ್ರಿ ಎಲ್ಲಿ ಮುಗಿಸ್ಯಾನ?" ಎಂದ ಶಿವಶರಣಪ್ಪ. "ಒಂದು ಟರ್ಮಿನ ಗಿರಾಕಿ. ಅಂಥವನ ಹೆಸರು ಕಮಾನಿನ ಮ್ಯಾಲ ಹಾಕಿದ್ರ ಇಜ್ಜತ್ ಯಾರದು ಹೋಗ್ತದ?"

"ಬರಾಬರಿ ಸಾವುಕಾರ," ಎಂದ ಮಹಬೂಬ, ಅವನ ಕಪ್ಪಿಗೆ ಚಹಾ ಬಗ್ಗಿಸುತ್ತ. "ನೀವು ಮುಗಿಸೀರಿ, ಹೋಗೀರಿ. ನಾ ಇನ್ನೂ ಮುಗಿಸಿಲ್ಲ. ಅದಕ್ಕೇ ಇಲ್ಲೇ ಅದೀನಿ."

ಸಮಿತಿ ಸರ್ವಾನುಮತದಿಂದ (ನಾನೊಬ್ಬ ಬಿಟ್ಟು) ನಿರ್ಣಯಿಸಿತು. ದಾಖಲೆಯಿಂದ ಸಿದ್ಧವಾಗುವುದು ಟವೆಲ್ ಮಾತ್ರ, ಮಾಲೀಕನಲ್ಲ. ಆದ್ದರಿಂದ ಕೆಂಪು ಚೌಕಡಿಯ ಒಂದು ಟವೆಲ್ಲನ್ನು ಕೊಟೇಶನ್ ಕರೆದು ಖರೀದಿಸಿ, ನಿಯಮಾನುಸಾರ ಅಂಚು ಸುಟ್ಟು, ಗಾಜಿನ ಪೆಟ್ಟಿಗೆಯಲ್ಲಿ ಇಡತಕ್ಕದ್ದು. ಕಮಾನಿನ ಮೇಲೆ ಯಾರ ಹೆಸರೂ ಬೇಡ. ಕ್ಯಾಂಟೀನಿನ ನೋಟಿಸು ಕಾಯಂ.

ಹೊರಗೆ ಮಹಬೂಬ ಕಪ್ಪು ತೊಳೆಯುತ್ತಿದ್ದ.

"ಅಂದ್ರ ಟಾವೆಲ್ಲಿಗಿ ಮರ್ಯಾದಿ ಅದ. ಹಾಸಿದವಗ ಇಲ್ಲ. ಹೌದಲ್ಲೋ?"

"ಹಂಗೇ ಆತು."

"ಆಗ್ಲಿ ಬಿಡು," ಎಂದ. ಅಷ್ಟೇ.

ನೋಟಿಸಿನ ಗಡುವು ಮುಗಿದ ಮರುದಿನ ಸಂಚಿಕೆಯ ಪ್ರೂಫ್ ತಿದ್ದಲು ಹೋಗಿದ್ದೆ. ಗೇಟಿನಲ್ಲಿ ಗುದ್ದಲಿ, ಹಾರೆ, ಎಂಟು ಜನ ಕೂಲಿಗಳು. ಶೆಡ್ಡಿನ ಸುತ್ತ ಸುಣ್ಣದ ಗೆರೆ. ಗೆರೆಯ ಒಳಗೆ, ಶೆಡ್ಡಿನ ಬಾಗಿಲ ಮುಂದೆ, ನೆಲದ ಮೇಲೆ ಒಂದು ಕೆಂಪು ಚೌಕಡಿಯ ಟವೆಲ್. ಅದರ ಮೇಲೆ ಒಂದು ಕಲ್ಲು. ಒಳಗೆ ಮಹಬೂಬ ಬೆನ್ನು ತಿರುಗಿಸಿ ಭಜಿ ಕರಿಯುತ್ತಿದ್ದ.

ಎಂಜಿನಿಯರ್ ಸಾಹೇಬರು ಜೀಪಿನಿಂದ ಇಳಿದರು. "ಯಾಕ ನಿಂತೀರಿ?"

"ಯಾರೋ ಜಾಗಾ ಹಿಡದಾರ್ರಿ," ಎಂದ ಅಫಜಲಪುರದ ಕಡೆಯ ಮೇಸ್ತ್ರಿ.

"ಎತ್ತಿ ಒಗೀರಿ ಅದನ್ನ."

ಎಂಟೂ ಜನ ನೆಲ ನೋಡಿದರು. "ನೀವೇ ಎತ್ರಿ ಸಾಹೇಬ್ರ. ನಮಗ ಆಗೂದಿಲ್ಲ."

ಸಾಹೇಬರು ಬಗ್ಗಿದರು. ಕೈ ಚಾಚಿದರು. ಅವರೂ ಜೇವರ್ಗಿಯವರೇ, ಹುಟ್ಟಿದಂದಿನಿಂದ ಬಸ್ಸಿನಲ್ಲಿ ಓಡಾಡಿದವರು. ಕೈ ಟವೆಲ್ಲಿನ ಮೇಲೆ ಒಂದು ಗೇಣು ಎತ್ತರದಲ್ಲಿ ನಿಂತಿತು. ಆಮೇಲೆ ಹಿಂದಕ್ಕೆ ಹೋಯಿತು.

"ಯಾರದಿದು?" ಎಂದು ಕೂಗಿದರು.

"ಬರ್ತಾರ ಬಿಡ್ರಿ. ಚಾ ಕುಡ್ಯಾಕ ಹೋಗಿರಬೇಕು," ಎಂದ ಮೇಸ್ತ್ರಿ.

ಆಗ ನಾನೇನು ಮಾಡಿದೆ? ಹೆಗಲ ಮೇಲಿನ ಟವೆಲ್ ತೆಗೆದು ಆ ಕೆಂಪು ಟವೆಲ್ಲಿನ ಹಿಂದೆ ಹಾಸಿದೆ. ಒಂದು ಕಲ್ಲು ಹುಡುಕಿ ಇಟ್ಟೆ. ಹದಿನೈದು ವರ್ಷದ ಮೇಲೆ ಮತ್ತೆ ಎರಡನೇ ನಂಬರು. ಸ್ವಲ್ಪ ಹೊತ್ತಿಗೆ ರಸಾಯನಶಾಸ್ತ್ರದ ಪ್ರೊಫೆಸರರು ಆ ಕಡೆ ಈ ಕಡೆ ನೋಡಿ ಕಿಸೆಯಿಂದ ದಸ್ತಿ ತೆಗೆದು ನನ್ನ ಹಿಂದೆ ಹಾಸಿದರು. (ದಸ್ತಿ ಎಂದರೆ ಕರವಸ್ತ್ರ. ಕಾನೂನಿನ ದೃಷ್ಟಿಯಿಂದ ಅದೂ ಟವೆಲ್ಲೇ.) ಮಹಬೂಬ ತಿರುಗಿ ನೋಡಲಿಲ್ಲ. ಟವೆಲ್ಲಿಗೊಂದರಂತೆ ಮೂರು ಚಹಾ ಮಾತ್ರ ಕಳಿಸಿದ.

ಎಲ್ಲರೂ ಮಾಲೀಕ ಬರುವುದನ್ನು ಕಾದರು. ಮಧ್ಯಾಹ್ನದವರೆಗೆ ಕಾದರು. ಕಾಯುತ್ತ ಭಜಿ ತಿಂದರು. ಉತ್ಸವಕ್ಕೆ ಉಳಿದದ್ದು ಒಂದೇ ತಿಂಗಳು. ಎರಡು ಗಂಟೆಗೆ ಕಂತ್ರಾಟುದಾರ ಬಂದ, ಸಾಲನ್ನು ನೋಡಿದ, ಎಂಜಿನಿಯರರ ಮುಖ ನೋಡಿದ, ಸುಣ್ಣದ ಡಬ್ಬಿ ಕೈಗೆತ್ತಿಕೊಂಡ.

ಉತ್ಸವ ಕಳೆದ ವಾರ ಮುಗಿಯಿತು. ಕ್ಯಾಂಟೀನ್ ಇದ್ದಲ್ಲೇ ಇದೆ. ಕಮಾನು ಹನ್ನೆರಡು ಅಡಿ ಬಲಕ್ಕೆ ಸರಿದಿದೆ. ಅದರ ಎಡಗಂಬ ರಸ್ತೆಯ ನಟ್ಟನಡುವೆ ನಿಂತಿದೆ.