ಅತ್ತಿಗೆ ಕಲಿತ ಐರಿಷ್ ಹಾಡು

ನಮ್ಮಣ್ಣನಿಗೆ ಇದ್ದದ್ದು ಒಂದೇ ಹುಚ್ಚು, ಐರ್ಲೆಂಡಿನ ಒಂದು ಹಾಡಿನ ತಂಡ. ಬ್ರಿಟಿಷರ ವಿರುದ್ಧ ದಂಗೆಯೆದ್ದವರ ಲಾವಣಿಗಳನ್ನು ತಲೆ ನರೆತರೂ ಬಿಡದೆ ಊರೂರು ತಿರುಗಿ ಹಾಡುತ್ತಿದ್ದವರು. ವಿಜಯನಗರದ ಮನೆಯಲ್ಲಿ ಭಾನುವಾರ ಬೆಳಗಾದರೆ ಸುಪ್ರಭಾತದ ಬದಲು ಟೇಪಿನಲ್ಲಿ ಅವರ ಬ್ಯಾಂಜೊ ವಾದ್ಯ. ಬ್ಯಾಂಕಿನಲ್ಲಿ ಮ್ಯಾನೇಜರಿಗೆ ಎದುರಾಡದ ಮನುಷ್ಯ ನಡುಮನೆಯಲ್ಲಿ ಲುಂಗಿ ಎತ್ತಿ ಕಟ್ಟಿ, ಅವರ ಜೊತೆ ಹಾಡುತ್ತಾ ಸಾಮ್ರಾಜ್ಯವನ್ನೇ ಉರುಳಿಸುತ್ತಿದ್ದ. "ರೀ, ಸ್ವಲ್ಪ ಕಮ್ಮಿ ಮಾಡ್ರೀ, ಪಕ್ಕದ್ಮನೆಯವ್ರು ಏನಂದ್ಕೋತಾರೆ" ಎಂದು ಅತ್ತಿಗೆ ಗೊಣಗುತ್ತಿದ್ದರು.

ಹೋದ ವರ್ಷ ಅಣ್ಣನಿಗೆ ಸ್ಟ್ರೋಕ್ ಆಯಿತು. ಬಲಗೈ ಸ್ವಾಧೀನ ತಪ್ಪಿತು, ಮಾತು ಹೋಯಿತು. ನೀರು ಬೇಕೆಂದರೂ ಲೋಟ ತೋರಿಸಬೇಕು. ಒಂದು ದಿನ ಬೇಜಾರಿಗೆ ನಾನು ಫೋನಿನಲ್ಲಿ ಆ ತಂಡದ ಹಾಡು ಹಾಕಿದೆ. ಅಣ್ಣ ಪಲ್ಲವಿಯನ್ನು ಒಂದು ಪದವೂ ತಪ್ಪದೆ ಹಾಡಿಬಿಟ್ಟ! ಅತ್ತಿಗೆ ಸೌಟು ಹಿಡಿದೇ ಓಡಿಬಂದರು. "ಏನಾದ್ರೂ ಹೇಳ್ರೀ" ಎಂದರೆ ಮತ್ತೆ ಬರೀ ಊಂ, ಊಂ. ಹಾಡು ಮೆದುಳಿನ ಬೇರೆ ಕಡೆ ಇರುತ್ತೆ, ಪೆಟ್ಟಾಗಿರೋದು ಮಾತಿನ ಕಡೆ ಎಂದರು ಡಾಕ್ಟರು.

ನೋಡಲು ಬಂದ ನೆಂಟರು ಮೂಸಂಬಿ ಇಟ್ಟು, "ಚೆನ್ನಾಗೇ ಇದಾರಲ್ಲ, ಹಾಡ್ತಿದಾರೆ!" ಎಂದು ಕಾಫಿ ಕುಡಿದು ಹೊರಟರು. ನನಗೆ ಮೈಯೆಲ್ಲ ಉರಿಯಿತು.

ಗಂಡ ತಮ್ಮೊಡನೆ ಮಾತಾಡಬೇಕು, ಅತ್ತಿಗೆಗೆ ಅಷ್ಟೇ ಬೇಕಿತ್ತು. ಇಂಗ್ಲಿಷ್ ಅಷ್ಟಕ್ಕಷ್ಟೇ. ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಹಾಡುಗಳನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಬಾಯಿಪಾಠ ಮಾಡಿದರು. ಅವರಿಗೆ ಗೊತ್ತಿದ್ದದ್ದು ಭಜನೆ ಮಂಡಳಿಯ ಪದ್ಧತಿ, ಒಬ್ಬರು ಹೇಳಿದ ಮೇಲೆ ಇನ್ನೊಬ್ಬರು. ದಂಗೆಯೆದ್ದು ಗಲ್ಲಿಗೇರಿದವನ ಹಾಡು ಅವರ ಬಾಯಲ್ಲಿ ಶುದ್ಧ ದೇವರನಾಮದಂತೆ ಕೇಳುತ್ತಿತ್ತು. ಅಣ್ಣನ ತೊಡೆಯ ಮೇಲೆ ತಾಳ ಹಾಕುತ್ತಾ ತಾವೊಂದು ಸಾಲು ಹಾಡುವುದು, ಮುಂದಿನ ಸಾಲು ಅಣ್ಣನದು. ಮಾತ್ರೆ ಬೇಡವೆಂದು ಮುಖ ತಿರುಗಿಸಿದರೆ ಸಿಟ್ಟಿನ ಹಾಡು ಶುರು ಮಾಡುತ್ತಿದ್ದರು. ಅವನೂ ಅಷ್ಟೇ ಜೋರಾಗಿ ತಿರುಗಿ ಹಾಡುತ್ತಿದ್ದ. ಹೊರಗೆ ನಿಂತು ಕೇಳಿದರೆ ಥೇಟ್ ಗಂಡ ಹೆಂಡಿರ ಜಗಳ. "ಇದೇ ನಮ್ಮ ಮಾತುಕತೆ ಕಣಪ್ಪ" ಎಂದು ಅತ್ತಿಗೆ ನಗುತ್ತಿದ್ದರು. ಆ ನಗು ನೋಡಿ ನನ್ನ ಹೊಟ್ಟೆ ತಣ್ಣಗಾಗುತ್ತಿತ್ತು.

ಈ ಶ್ರಾವಣದಲ್ಲಿ ಎರಡನೇ ಸಲ ಸ್ಟ್ರೋಕ್ ಆಯಿತು. ಆಸ್ಪತ್ರೆಯಿಂದ ಕರೆತಂದ ಸಂಜೆ ಅತ್ತಿಗೆ ಮಂಚದ ಪಕ್ಕ ಕೂತು ತಮ್ಮ ಸಾಲು ಹಾಡಿದರು. ಕಾದರು. ಅಣ್ಣ ಅವರ ಮುಖವನ್ನೇ ನೋಡುತ್ತಿದ್ದ. ಇನ್ನೊಮ್ಮೆ ಹಾಡಿದರು. ಅಣ್ಣನ ತುಟಿ ಅಲುಗಲಿಲ್ಲ. ನನಗೆ ತಡೆಯಲಾಗಲಿಲ್ಲ, ಮುಂದಿನ ಸಾಲನ್ನು ನಾನಾದರೂ ಹಾಡೋಣವೆಂದು ಬಾಯಿ ತೆರೆದೆ.

"ನೀನು ಬೇಡಪ್ಪ" ಎಂದರು ಅತ್ತಿಗೆ. "ಅದು ಅವರ ಸಾಲು."