ಒಣದ್ರಾಕ್ಷಿಯ ರಸ ಮತ್ತು ಬುಗೀದನ ಆಣೆ

ಜೆರ್ಬಾ ದ್ವೀಪದ ಯಹೂದಿ ಕೇರಿಯಲ್ಲಿ ಬೆಳ್ಳಿ ಕೆಲಸದ ಬುಗೀದನಷ್ಟು ಹಟಮಾರಿ ಇನ್ನೊಬ್ಬನಿರಲಿಲ್ಲ. ಹನ್ನೊಂದು ವರ್ಷ ಅವನ ಮನೆಯಲ್ಲಿ ಶುಕ್ರವಾರ ಸಂಜೆಯ ಸಬ್ಬತ್ ಮಂತ್ರವನ್ನು ದ್ರಾಕ್ಷಾರಸದ ಬಟ್ಟಲಿನ ಮೇಲೆ ಹೇಳಲಿಲ್ಲ, ರೊಟ್ಟಿಯ ಮೇಲೆ ಹೇಳಿದರು. ಶಾಸ್ತ್ರ ಒಪ್ಪುತ್ತದೆ, ನಿಜ. ಆದರೆ ರಸ ಸಿಗದ ಬಡವನ ಪಾಡು ಬೇರೆ, ತಾನೇ ಬಾಯಿ ಕಟ್ಟಿಕೊಂಡವನ ಪಾಡು ಬೇರೆ.

ಆದದ್ದು ಇಷ್ಟು. ಅಲ್ಲಿ ಒಣದ್ರಾಕ್ಷಿ ನೆನೆಹಾಕಿ, ಹಿಂಡಿ, ಮನೆಯಲ್ಲೇ ರಸ ಮಾಡುತ್ತಾರೆ. ಮಗಳ ನಿಶ್ಚಿತಾರ್ಥದ ವಾರ ಬೀಗರ ಎದುರು ಬುಗೀದ ಮಂತ್ರ ಮುಗಿಸಿ, ಬಟ್ಟಲನ್ನು ತಮ್ಮ ಸಾಸಿಗೆ ದಾಟಿಸಿದ. ಸಾಸಿ ಒಂದು ಗುಟುಕು ಕುಡಿದು ಮುಖ ಹಿಂಡಿದ.

"ಅಣ್ಣಾ, ಇದು ರಸಾನೋ, ದ್ರಾಕ್ಷಿ ಸ್ನಾನ ಮಾಡಿದ ನೀರೋ? ಇದರ ಮೇಲೆ ಮಂತ್ರ ಹೇಳಿದ್ರೆ ಲೆಕ್ಕಕ್ಕೇ ಬರಲ್ಲ."

ಬೀಗರು ನಕ್ಕರು. ಬುಗೀದನ ಪಿತ್ತ ನೆತ್ತಿಗೇರಿತು.

"ನೀನು ನನ್ನ ಹೊಸ್ತಿಲಿಗೆ ಬಂದು 'ಅದು ರಸವೇ ಅಣ್ಣ' ಅನ್ನೋವರೆಗೂ ದ್ರಾಕ್ಷಾರಸ ನನ್ನ ಮೇಜಿಗೆ ಬರೋದಿಲ್ಲ, ನಾಲಿಗೆಗೆ ತಾಗೋದಿಲ್ಲ. ಆಣೆ."

"ಹಾಗಾದ್ರೆ ರೊಟ್ಟಿ ತಿಂದ್ಕೊಂಡಿರು," ಎಂದು ಸಾಸಿ ಎದ್ದು ಹೋದ.

ಆ ಜನಕ್ಕೆ ಆಣೆ ಎಂದರೆ ಹುಡುಗಾಟವಲ್ಲ. ಮೂರು ಮನೆ ಆಚೆಯ ತಮ್ಮ ಎದುರಾದರೆ ಬುಗೀದ ಗೋಡೆ ನೋಡುತ್ತಿದ್ದ. ಪಸ್ಕದ ಹಬ್ಬದಲ್ಲಿ ನಾಲ್ಕು ಬಟ್ಟಲು ದ್ರಾಕ್ಷಾರಸ ಕುಡಿಯಲೇಬೇಕು. ಊರವರು ಕುಡಿಯುವ ಅಂಜೂರದ ಸಾರಾಯಿಯಲ್ಲೇ ಅದನ್ನು ತೀರಿಸುತ್ತಿದ್ದ. ಮೂರನೆಯದಕ್ಕೆ ನಾಲಿಗೆ ತೊದಲುತ್ತಿತ್ತು, ನಾಲ್ಕನೆಯದಕ್ಕೆ ಅಳಿಯ ಹಿಡಿದು ಕೂರಿಸಬೇಕಾಗುತ್ತಿತ್ತು.

"ಮೂರು ಜನರ ಮುಂದೆ 'ಯಾಕಾದ್ರೂ ಅಂದೆನೋ' ಅಂದ್ರೆ ಆಣೆ ಬಿಡಿಸ್ತಾರಂತೆ," ಎನ್ನುತ್ತಿದ್ದಳು ಹೆಂಡತಿ ಗಜಾಲಾ. "ಅಷ್ಟು ಹೇಳಿದ್ರೆ ನಾಲಿಗೆ ಸವೆಯುತ್ತಾ ನಿಮಗೆ?"

"ತಪ್ಪು ಅವನದು."

ಅಲ್ಲಿಗೆ ಮಾತು ಮುಗಿಯುತ್ತಿತ್ತು. ಶುಕ್ರವಾರ ಬಂತೆಂದರೆ ಆ ಮನೆಯಲ್ಲಿ ಉಸಿರು ಕಟ್ಟುತ್ತಿತ್ತು. ಬುಗೀದನಿಗೂ ಕಟ್ಟುತ್ತಿತ್ತು, ಬೇರೆಯವರಿಗಿಂತ ಹೆಚ್ಚಾಗಿ.

ಒಂದು ದಿನ ಸಾಸಿ ಎದೆನೋವಿನಿಂದ ತೀರಿಕೊಂಡ. ಬುಗೀದ ಸೂತಕದ ಕಟ್ಟಳೆಯಂತೆ ಅಂಗಿ ಹರಿದುಕೊಂಡು ಏಳು ದಿನ ನೆಲದ ಮೇಲೆ ಕೂತ. ಹೊಸ್ತಿಲಿಗೆ ಬರಬೇಕಾದವನೇ ಹೋದ ಮೇಲೆ ಆಣೆ ತೀರುವುದಾದರೂ ಹೇಗೆ? ಬದುಕಿರುವಷ್ಟು ದಿನ ಇದೇ ಗತಿ. ಎಂಟನೆಯ ದಿನ ಹಿರಿಯ ಧರ್ಮಗುರು ರಬ್ಬಿ ಶುಶಾನರ ಮನೆಗೆ ಹೋದ. ಅವರು ನೆರೆಯ ಇಬ್ಬರನ್ನು ಕರೆಸಿ ಕೂರಿಸಿಕೊಂಡರು.

"ಹೀಗೆ ಸಾಯ್ತಾನೆ ಅಂತ ಗೊತ್ತಿದ್ರೆ ಆಣೆ ಇಡ್ತಿರ್ಲಿಲ್ಲ ರಬ್ಬಿಗಳೇ. ಬಿಡಿಸಿ."

"ಅದು ನಡಿಯಲ್ಲಪ್ಪ. ಆಮೇಲೆ ಬಂದ ಸಾವನ್ನ ಮುಂದಿಟ್ಟು ಬಿಡಿಸೋಹಾಗಿಲ್ಲ. ಆಣೆ ಇಟ್ಟ ಹೊತ್ತಲ್ಲೇ ನಿನ್ನ ಮನಸ್ಸಲ್ಲಿ ಏನಿತ್ತು, ಅದನ್ನ ಹೇಳು."

ಬುಗೀದ ಹೇಳದೆ ಎದ್ದು ಹೋಗುವಂತಿರಲಿಲ್ಲ, ಹೇಳಿದರೆ ಹನ್ನೊಂದು ವರ್ಷದ ಹಟ ಮಣ್ಣುಪಾಲು.

"ಅದು ಎರಡನೇ ನೀರು," ಎಂದ ಕೊನೆಗೆ. "ಮೊದಲು ಹಿಂಡಿದ ರಸ ನೆಂಟರಿಗೇ ಖಾಲಿಯಾಗಿತ್ತು. ಅದೇ ಹಿಪ್ಪೆಗೆ ಮತ್ತೆ ನೀರು ಹಾಕಿ ಹಿಂಡಿದ್ದೆ. ಸಾಸಿ ಹೇಳಿದ್ದು ಸರಿ. ಆಣೆ ಬಾಯಿಂದ ಬಿದ್ದ ಗಳಿಗೇಲೇ ಯಾಕಾದ್ರೂ ಅಂದೆನೋ ಅನ್ನಿಸ್ತು."

ಮೂವರೂ ಒಟ್ಟಿಗೆ "ಬಿಡುಗಡೆ" ಎಂದರು, ಪದ್ಧತಿಯಂತೆ ಮೂರು ಸಲ.

ಬುಗೀದ ಕೂತಲ್ಲಿಂದ ಏಳಲಿಲ್ಲ.

"ಇದನ್ನೇ ಆವತ್ತು ಬಂದು ಹೇಳಿದ್ದಿದ್ರೆ?"

"ಆವತ್ತೂ ಇಷ್ಟೇ ಸಾಕಿತ್ತು," ಎಂದರು ರಬ್ಬಿ.